ಐಪಿಒ ಸಾಲು ಬಂದರೆ ಊರಿನ ಸಣ್ಣ ಕಂಪನಿಗೂ ಬೆಲೆ ಬರುತ್ತದೆಯೇ?

ಪ್ರಶ್ನೆ: ನಾನು ಗೋಕಾಕ ತಾಲ್ಲೂಕಿನವನು. 22 ವರ್ಷದಿಂದ ಪುಣೆಯ ಭೋಸರಿ ಎಂಐಡಿಸಿಯಲ್ಲಿ ಸಣ್ಣದೊಂದು ಟೂಲ್‌ರೂಮ್ ನಡೆಸುತ್ತಿದ್ದೇನೆ. ಜಾಗ ಮಾರಿದ್ದರಿಂದ ಕೈಯಲ್ಲಿ 30 ಲಕ್ಷ ರೂಪಾಯಿ ಇದೆ. ರಾಜ್ಯೋತ್ಸವದ ಊಟದಲ್ಲಿ ಪರಿಚಯವಾದ ಒಬ್ಬರು, ಬೆಂಗಳೂರಿನ ಸ್ಟಾರ್ಟ್‌ಅಪ್ ಒಂದರ ಷೇರು ಐಪಿಒಗೆ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದಕ್ಕೆ) ಮೊದಲೇ 480 ರೂಪಾಯಿಗೆ ಸಿಗುತ್ತದೆ, ಷೇರುಪೇಟೆಯಲ್ಲಿ ಲಿಸ್ಟ್ ಆದ ದಿನ 900 ಮುಟ್ಟುತ್ತದೆ ಎನ್ನುತ್ತಾರೆ. 2,500 ಷೇರಿಗೆ 12 ಲಕ್ಷ. ಇತ್ತ ಬೆಳಗಾವಿಯಲ್ಲಿ ಅಕ್ಕನ ಮಗ ಪಂಪ್‌ಸೆಟ್‌ಗಳನ್ನು ಮೊಬೈಲ್‌ನಿಂದ ಚಾಲೂ ಮಾಡುವ ಸಾಧನದ ಕಂಪನಿ ತೆಗೆದಿದ್ದಾನೆ. ಕಂಪನಿಯ ಬೆಲೆ 3 ಕೋಟಿ ಎಂದು ಹಿಡಿದು 15 ಲಕ್ಷ ಕೇಳಿದ್ದಾನೆ. ಹೋದ ತಿಂಗಳು 2 ಲಕ್ಷ ಕಂಪನಿ ಖಾತೆಗೆ ಕಳಿಸಿದ್ದೇನೆ, ಕಾಗದಪತ್ರ ಏನೂ ಆಗಿಲ್ಲ. ಇಷ್ಟು ಸ್ಟಾರ್ಟ್‌ಅಪ್‌ಗಳು ಲಿಸ್ಟ್ ಆಗುತ್ತಿರುವಾಗ ನಮ್ಮ ಕಡೆಯ ಕಂಪನಿಗಳಿಗೂ ಬೆಲೆ ಬಂದೇ ಬರುತ್ತದೆ ಎಂದು ಅವನ ವಾದ. ನಿಜವೇ? ಯಾವುದಕ್ಕೆ ಹಾಕಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, ಎಲ್ಲರೂ ದುಡ್ಡು ಮಾಡುತ್ತಿರುವಾಗ ನಾನು ಹಿಂದೆ ಉಳಿದೆನೇ ಎಂಬುದು. ಇನ್ನೊಂದು, ಅಕ್ಕನ ಮಗನಿಗೆ ಇಲ್ಲ ಎನ್ನುವುದು ಹೇಗೆ ಎಂಬುದು. ಅಳಿಯನ ವಾದ ಅರ್ಧ ನಿಜ. ದೊಡ್ಡ ಐಪಿಒಗಳಿಂದ ಲಿಸ್ಟ್ ಆಗದ ಕಂಪನಿಗಳ ಕಡೆಗೂ ಹಣ ಹರಿಯುತ್ತದೆ. ಆದರೆ ಅದು ಯಾವ ದಾರಿಯಲ್ಲಿ ಹರಿಯುತ್ತದೆ, ಎಷ್ಟು ತಡವಾಗಿ ಮುಟ್ಟುತ್ತದೆ ಎಂಬುದನ್ನು ತಿಳಿದ ಮೇಲೇ ನಿಮ್ಮ 15 ಲಕ್ಷದ ಮಾತು.

ಘಟಪ್ರಭಾ ಕಾಲುವೆ ನೋಡಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ನೀರು ಬಿಟ್ಟಾಗ ಮೊದಲು ನೆನೆಯುವುದು ತಲೆಭಾಗದ ಹೊಲ. ಬಾಲಭಾಗದವರಿಗೆ ಮುಟ್ಟುವುದು ಕೊನೆಗೆ, ಅದೂ ಮಿಕ್ಕಿದ್ದರೆ. ನೀರು ಕಡಿಮೆಯಾದಾಗ ಮೊದಲು ಒಣಗುವುದೂ ಬಾಲಭಾಗವೇ. ಹೊಸ ಕಂಪನಿಗಳಲ್ಲಿ ಹಣ ಹೂಡುವ ವೆಂಚರ್ ಫಂಡ್‌ಗೆ ದುಡ್ಡು ಕೊಟ್ಟವರು ಎಂಟು-ಹತ್ತು ವರ್ಷ ಕಾಯುತ್ತಾರೆ. ಅವರಿಗೆ ಕಾಗದದ ಮೇಲಿನ ಲಾಭ ಸಾಲದು, ಖಾತೆಗೆ ಬಂದ ದುಡ್ಡು ಬೇಕು. ಒಂದು ಕಂಪನಿ ಲಿಸ್ಟ್ ಆಗಿ ಫಂಡ್ ಅದರ ಷೇರು ಮಾರಿದಾಗ ಆ ದುಡ್ಡು ಅವರ ಕೈಸೇರುತ್ತದೆ, ಅದರ ಒಂದು ಪಾಲು ಹೊಸ ಫಂಡ್‌ಗೆ ಬರುತ್ತದೆ. ಇದು ಮೊದಲ ದಾರಿ. ಎರಡನೆಯದು ಬೆಲೆಯ ಅಳತೆಗೋಲು. ಲಿಸ್ಟ್ ಆದ ಕಂಪನಿ ವರ್ಷದ ಮಾರಾಟದ ಆರು ಪಟ್ಟು ಬೆಲೆಗೆ ನಡೆಯುತ್ತಿದ್ದರೆ, ಅದೇ ಧಂದೆಯ ಮುಂದಿನ ಕಂಪನಿಗೂ ಅದೇ ಲೆಕ್ಕ ಹಿಡಿಯುತ್ತಾರೆ. ಮೂರನೆಯದು, ಷೇರು ಪಡೆದಿದ್ದ ನೌಕರರು ಮಾರಿ ಬಂದ ಹಣದಲ್ಲಿ ತಾವೇ ಹೊಸ ಕಂಪನಿ ಕಟ್ಟುತ್ತಾರೆ, ಇಲ್ಲವೇ ಸ್ನೇಹಿತರ ಕಂಪನಿಗೆ ಹಾಕುತ್ತಾರೆ. ಈ ಜನರೆಲ್ಲ ಹೆಚ್ಚಾಗಿ ಇರುವುದು ಬೆಂಗಳೂರು, ಗುರುಗ್ರಾಮ, ಮುಂಬೈಯಲ್ಲಿ. ಬೆಳಗಾವಿ ಬಾಲಭಾಗ.

ಈ ಹರಿವು ನಮ್ಮಲ್ಲಿ ಜೋರಾಗಿರುವುದಕ್ಕೆ ಕಾರಣ ಇಲ್ಲಿನ ಉಳಿತಾಯವೇ. ಮ್ಯೂಚುವಲ್ ಫಂಡ್ ಎಸ್‌ಐಪಿಗಳಿಂದ, ಅಂದರೆ ಜನ ಕಂತಿನಲ್ಲಿ ಹಾಕುವ ಉಳಿತಾಯದಿಂದ, ಬರುವ ಹಣ 2024ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 25,000 ಕೋಟಿ ದಾಟಿತು. ಐಪಿಒ ಷೇರು ಕೊಳ್ಳುವವರು ದೇಶದೊಳಗೇ ಇದ್ದಾರೆ ಎಂದು ಗೊತ್ತಾದ ಮೇಲೆ, ಹೊರದೇಶದಲ್ಲಿ ನೋಂದಣಿ ಮಾಡಿಕೊಂಡಿದ್ದ ಕಂಪನಿಗಳು ತೆರಿಗೆ ಕಟ್ಟಿಯಾದರೂ ವಾಪಸ್ ಬಂದವು. 2022ರಲ್ಲಿ ಸಿಂಗಪುರದಿಂದ ಬಂದ ಫೋನ್‌ಪೇಯ ಹೂಡಿಕೆದಾರರು ಸುಮಾರು 8,000 ಕೋಟಿ, ಅಮೆರಿಕದಿಂದ ಬಂದ ಷೇರು ವಹಿವಾಟಿನ ಆ್ಯಪ್ ಗ್ರೋ ಸುಮಾರು 1,340 ಕೋಟಿ ತೆರಿಗೆ ಕಟ್ಟಬೇಕಾಯಿತು. ಲಿಸ್ಟಿಂಗ್‌ನ ಸೆಳೆತ ಅಷ್ಟು ದೊಡ್ಡದು.

ನೀರು ಇಳಿದಾಗ ಏನಾಗುತ್ತದೆ ಎಂಬುದಕ್ಕೂ ಸಾಕಷ್ಟು ಉದಾಹರಣೆಗಳಿವೆ. 2,150 ರೂಪಾಯಿಗೆ ಕೊಟ್ಟ ಪೇಟಿಎಂ ಷೇರು 2021ರ ನವೆಂಬರ್ 18ರಂದು, ಮೊದಲ ದಿನವೇ, ಶೇ 27ರಷ್ಟು ಬಿತ್ತು. ಮರು ವರ್ಷ ಜಗತ್ತಿನೆಲ್ಲೆಡೆ ಬಡ್ಡಿದರವೂ ಏರಿತು. ಆನ್‌ಲೈನ್‌ನಲ್ಲಿ ಔಷಧ ಮಾರುವ ಮುಂಬೈಯ ಫಾರ್ಮ್‌ಈಸಿ 2021ರ ನವೆಂಬರ್‌ನಲ್ಲಿ 6,250 ಕೋಟಿಯ ಐಪಿಒಗೆ ಅರ್ಜಿ ಹಾಕಿತ್ತು. 2022ರ ಆಗಸ್ಟ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಹಣ ಎತ್ತಲು ಇದ್ದ ಷೇರುದಾರರಿಗೇ ರೈಟ್ಸ್ ಷೇರನ್ನು 5 ರೂಪಾಯಿಗೆ ಕೊಡಬೇಕಾಯಿತು, ಹಳೆಯ ಬೆಲೆಯ ಹತ್ತನೇ ಒಂದು ಪಾಲು. ‘ಇನ್ನೇನು ಐಪಿಒ ಬಂತು’ ಎಂದು ಆ ಷೇರನ್ನು ಹೊರಗಿನಿಂದ ಕೊಂಡವರಿಗೆ ಐಪಿಒ ಬರಲಿಲ್ಲ, ನಷ್ಟ ಬಂತು. ಬೇರೆ ದೇಶಗಳಲ್ಲೂ ಇದೇ ಪಾಠ. ಇಂಡೊನೇಷ್ಯಾದ ಟ್ಯಾಕ್ಸಿ ಮತ್ತು ಆನ್‌ಲೈನ್ ವ್ಯಾಪಾರದ ಕಂಪನಿ ಗೋಟು 2022ರ ಏಪ್ರಿಲ್‌ನಲ್ಲಿ 338 ರೂಪಿಯಾಗೆ ಲಿಸ್ಟ್ ಆಗಿ 2024ರ ಹೊತ್ತಿಗೆ 50-60ರ ಸುತ್ತ ತಿರುಗುತ್ತಿತ್ತು. ಆಫ್ರಿಕಾದ ಆನ್‌ಲೈನ್ ಅಂಗಡಿ ಜುಮಿಯಾ 2019ರಲ್ಲಿ ನ್ಯೂಯಾರ್ಕ್‌ನಲ್ಲಿ 14.5 ಡಾಲರ್‌ಗೆ ಬಂದು ಮುಂದೆ ಅದರ ಬಹುಪಾಲು ಕಳೆದುಕೊಂಡಿತು. ಒಂದು ಪ್ರದೇಶದ ಹೆಸರಾಂತ ಕಂಪನಿ ಹೀಗೆ ಬಿದ್ದರೆ, ಅದೇ ಪ್ರದೇಶದ ಸಣ್ಣ ಕಂಪನಿಯ ಮಾಲೀಕ ಹಣ ಕೇಳಲು ಹೋದಾಗ ಎದುರು ಕೂತವರು ಮೊದಲು ನೆನೆಸಿಕೊಳ್ಳುವುದು ಅದನ್ನೇ.

ಈಗ ನಿಮ್ಮ 12 ಲಕ್ಷದ ವಿಚಾರ. ನಿಮ್ಮ ಪುಣೆಯದೇ ಒಂದು ಕಂಪನಿಯನ್ನು ತೆಗೆದುಕೊಳ್ಳೋಣ, ಮಕ್ಕಳ ಸಾಮಾನು ಮಾರುವ ಫಸ್ಟ್‌ಕ್ರೈ. ಐಪಿಒ ಬೆಲೆ 465. 2024ರ ಆಗಸ್ಟ್ 13ರಂದು ಎನ್‌ಎಸ್‌ಇಯಲ್ಲಿ 651ಕ್ಕೆ ತೆರೆಯಿತು. ಮರುದಿನ ಎಲ್ಲರ ಬಾಯಲ್ಲೂ ಇದ್ದದ್ದು ಇದೊಂದೇ ಸಂಖ್ಯೆ. ಐಪಿಒ ದಾಖಲೆಯ ಒಳಪುಟಗಳಲ್ಲಿ ಬೇರೆ ಸಂಖ್ಯೆಗಳಿದ್ದವು. ರತನ್ ಟಾಟಾ 2016ರಲ್ಲಿ 77,900 ಷೇರನ್ನು ಸರಾಸರಿ 84.72 ರೂಪಾಯಿಗೆ, ಒಟ್ಟು ಸುಮಾರು 66 ಲಕ್ಷಕ್ಕೆ ಕೊಂಡಿದ್ದರು. 465ರ ಲೆಕ್ಕದಲ್ಲಿ ಅದು 3.62 ಕೋಟಿ. ಎಂಟು ವರ್ಷ ಕಾದದ್ದಕ್ಕೆ ವರ್ಷಕ್ಕೆ ಸುಮಾರು ಶೇ 24ರ ಬೆಳವಣಿಗೆ. ಅದೇ ಕಂಪನಿಯ ಷೇರನ್ನು 2023ರ ಅಕ್ಟೋಬರ್‌ನಲ್ಲಿ, ಐಪಿಒ ಹತ್ತಿರ ಬಂದಾಗ, 487.44ಕ್ಕೆ ಕೊಂಡ ದೊಡ್ಡ ಹೆಸರಿನವರೂ ಇದ್ದರು. ಐಪಿಒ ಬೆಲೆ ಅವರು ಕೊಟ್ಟದ್ದಕ್ಕಿಂತ ಕಡಿಮೆಯಾಯಿತು. ಲಿಸ್ಟಿಂಗ್ ದಿನದ 651 ಕಣ್ಣೆದುರೇ ಇದ್ದರೂ ಲಾಕ್-ಇನ್‌ನಲ್ಲಿದ್ದ, ಅಂದರೆ ಕೆಲಕಾಲ ಬೀಗ ಬಿದ್ದಿದ್ದ, ಷೇರನ್ನು ಮಾರುವಂತಿರಲಿಲ್ಲ. 2025ರ ಫೆಬ್ರವರಿ ಮುಗಿಯುವಷ್ಟರಲ್ಲಿ ಬೆಲೆ 465ರ ಕೆಳಗಿತ್ತು. ಒಂದೇ ಕಂಪನಿ, ಒಂದೇ ಲಿಸ್ಟಿಂಗ್. ಫಲ ಬೇರೆಯಾದದ್ದು ಒಳಗೆ ಬಂದ ಬೆಲೆಯಿಂದ.

ಈ ಲಾಕ್-ಇನ್ ವಿಷಯವನ್ನು ನಿಮ್ಮ ಪರಿಚಯದವರು ಹೇಳಿರಲಾರರು. ಐಪಿಒಗೆ ಮುಂಚಿನ ಷೇರುದಾರರು, ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವವರು) ಅಲ್ಲದಿದ್ದರೂ, ಐಪಿಒ ಹಂಚಿಕೆಯ ದಿನದಿಂದ ಆರು ತಿಂಗಳು ಮಾರುವಂತಿಲ್ಲ. 2021ರ ಆಗಸ್ಟ್‌ವರೆಗೆ ಇದು ಒಂದು ವರ್ಷ ಇತ್ತು. ಕಂಪನಿ ತನ್ನ ನೌಕರರಿಗೆ ಕೊಡುವ ಇಸಾಪ್ ಷೇರುಗಳಿಗೆ ಈ ಬೀಗ ಇಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಒಂದನೇ ಮತ್ತು ಎರಡನೇ ವರ್ಗದ ಪರ್ಯಾಯ ಹೂಡಿಕೆ ಫಂಡ್‌ಗಳಿಗೆ ಕೊಂಡ ದಿನದಿಂದ ಆರು ತಿಂಗಳು ಕಳೆದಿದ್ದರೆ ಸಾಕು. ಅಂದರೆ ಲಿಸ್ಟ್ ಆದ ಬೆಳಿಗ್ಗೆ 900 ಬಂದೇ ಬಂತು ಎಂದುಕೊಳ್ಳಿ, ಅವರು ಮಾರಬಹುದು, ನೀವು ನೋಡುತ್ತಾ ಕೂರಬೇಕು. ಬೀಗ ತೆರೆಯುವ ದಿನ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಮಾರುವವರು ಒಟ್ಟಿಗೇ ನುಗ್ಗುತ್ತಾರೆ. 76ಕ್ಕೆ ಬಂದ ಜೊಮ್ಯಾಟೊ, 2022ರ ಜುಲೈ 23ಕ್ಕೆ ಒಂದು ವರ್ಷದ ಬೀಗ ಮುಗಿದ ವಾರವೇ 41ರ ಆಸುಪಾಸಿಗೆ ಬಿತ್ತು. ಅದೇ ಷೇರು 2024ರ ಡಿಸೆಂಬರ್‌ನಲ್ಲಿ 300 ದಾಟಿತು ಎಂಬುದನ್ನೂ ಹೇಳಬೇಕು. ಕಂಪನಿ ಕೆಟ್ಟದ್ದಾಗಿರಲಿಲ್ಲ. ಬೀಗ ತೆರೆದ ಮೇಲೆ ಪೇಟೆಯಲ್ಲಿ ಕೊಂಡವರಿಗೆ, ಮೊದಲೇ ನುಗ್ಗಿದವರಿಗಿಂತ ಒಳ್ಳೆಯ ಬೆಲೆ ಸಿಕ್ಕಿತು, ಅಷ್ಟೇ.

480 ಎಂಬ ಬೆಲೆ ಹುಟ್ಟಿದ್ದಾದರೂ ಎಲ್ಲಿ? ಅನ್‌ಲಿಸ್ಟೆಡ್ ಷೇರಿಗೆ ಪೇಟೆಯೆಂಬುದಿಲ್ಲ. ಡೀಲರ್‌ಗಳ ವಾಟ್ಸ್‌ಆ್ಯಪ್ ದರವೇ ದರ. ಎಚ್‌ಡಿಬಿ ಫೈನಾನ್ಷಿಯಲ್ ಸ್ಟಾರ್ಟ್‌ಅಪ್ ಅಲ್ಲ, ಎಚ್‌ಡಿಎಫ್‌ಸಿ ಬ್ಯಾಂಕಿನದೇ ಕಂಪನಿ. ಅದರ ಅನ್‌ಲಿಸ್ಟೆಡ್ ದರ ಐಪಿಒಗೆ ಮೊದಲು 1,250ರ ಸುಮಾರಿಗಿತ್ತು. 2025ರ ಜೂನ್‌ನಲ್ಲಿ ಐಪಿಒ ಬೆಲೆ 740 ಎಂದು ಗೊತ್ತಾಯಿತು. ಲಿಸ್ಟ್ ಆದದ್ದು 835ಕ್ಕೆ. ಪತ್ರಿಕೆಗಳು ‘ಶೇ 13 ಲಾಭದಲ್ಲಿ ಪ್ರವೇಶ’ ಎಂದು ಬರೆದವು. 1,250 ಕೊಟ್ಟವರು ಅದೇ ದಿನ ಶೇ 33 ನಷ್ಟದಲ್ಲಿದ್ದರು, ಮೇಲೆ ಆರು ತಿಂಗಳ ಬೀಗ ಬೇರೆ. ಡೀಲರ್‌ಗಳು 500ಕ್ಕೆ ಬಂದು 1,200ಕ್ಕೆ ಲಿಸ್ಟ್ ಆದ ಟಾಟಾ ಟೆಕ್ನಾಲಜೀಸ್ ತೋರಿಸುತ್ತಾರೆ, ಇದನ್ನು ತೋರಿಸುವುದಿಲ್ಲ.

ಇನ್ನೊಂದು ಮೋಸ ಲೆಕ್ಕದಲ್ಲಿ ಅಡಗಿರುತ್ತದೆ. ಡೀಲರ್ ‘ಕಂಪನಿಯ ಷೇರು 2 ಕೋಟಿ, 480ರಂತೆ ಕಂಪನಿಯ ಬೆಲೆ ಬರೀ 960 ಕೋಟಿ, ಅಗ್ಗ’ ಎನ್ನಬಹುದು. ಆ 2 ಕೋಟಿ ಸಾಮಾನ್ಯ ಈಕ್ವಿಟಿ ಮಾತ್ರ. ಫಂಡ್‌ಗಳ ಕೈಯಲ್ಲಿ ಮುಂದೆ 6 ಕೋಟಿ ಈಕ್ವಿಟಿಯಾಗುವ ಆದ್ಯತಾ ಷೇರು (ಹಣ ವಾಪಸಿನಲ್ಲಿ ಮೊದಲ ಹಕ್ಕಿರುವ ಷೇರು), ನೌಕರರಿಗೆ ತೆಗೆದಿಟ್ಟ 80 ಲಕ್ಷ ಇದ್ದರೆ ಒಟ್ಟು 8.8 ಕೋಟಿ ಷೇರು. ಆಗ ನೀವು ಕೊಡುತ್ತಿರುವುದು 4,224 ಕೋಟಿಯ ಬೆಲೆ. ಕಂಪನಿ ಐಪಿಒ ಕರಡನ್ನು ಸೆಬಿಗೆ ಬಹಿರಂಗವಾಗಿ ಸಲ್ಲಿಸಿದ್ದರೆ ಸೆಬಿ ವೆಬ್‌ಸೈಟ್‌ನಲ್ಲಿ ತೆಗೆದು ಷೇರು ಬಂಡವಾಳದ ಅಧ್ಯಾಯ ನೋಡಿ. ಯಾರಿಗೆ, ಯಾವ ದಿನ, ಯಾವ ಬೆಲೆಗೆ ಷೇರು ಹಂಚಿದರು ಎಂಬುದೆಲ್ಲ ಅಲ್ಲಿರುತ್ತದೆ. ಗೋಪ್ಯ ಕ್ರಮದಲ್ಲಿ ಸಲ್ಲಿಸಿದ್ದರೆ ಆರಂಭದಲ್ಲಿ ಏನೂ ಕಾಣದು. ಆಗ ಕೊಳ್ಳುವುದೆಂದರೆ ಕತ್ತಲಲ್ಲಿ ಕೈಹಾಕಿದ ಹಾಗೆ.

ಅನ್‌ಲಿಸ್ಟೆಡ್ ಷೇರು ಕೊಡಿಸುವ ಆನ್‌ಲೈನ್ ವೇದಿಕೆಗಳ ಬಗ್ಗೆ ಸೆಬಿ 2024ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. 2025ರ ಅಕ್ಟೋಬರ್‌ನಲ್ಲಿ ಮ್ಯೂಚುವಲ್ ಫಂಡ್‌ಗಳಿಗೂ ಐಪಿಒ ಪೂರ್ವ ಷೇರು ಕೊಳ್ಳಬೇಡಿ ಎಂದಿತು. ಐಪಿಒ ಬಾರದೇ ಹೋದರೆ ಲಿಸ್ಟ್ ಆಗದ ಷೇರು ಅವರ ಕೈಯಲ್ಲಿ ಉಳಿದುಬಿಡುತ್ತದೆ ಎಂಬುದು ಆತಂಕ. ದಿನವಿಡೀ ಇದೇ ಕೆಲಸ ಮಾಡುವ ಫಂಡ್ ಮ್ಯಾನೇಜರ್‌ಗೆ ಬೇಡ ಎಂದದ್ದನ್ನು ನೀವು ಜಾಗ ಮಾರಿದ ದುಡ್ಡಿನಲ್ಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆ 12 ಲಕ್ಷ ಹಾಕಬೇಡಿ. ಕಂಪನಿ ಇಷ್ಟವಾದರೆ ಐಪಿಒದಲ್ಲೇ ಅರ್ಜಿ ಹಾಕಿ, ಲಾಕ್-ಇನ್ ಇಲ್ಲ. ಲಾಭದ ಇತಿಹಾಸವಿಲ್ಲದ ಕಂಪನಿಗಳಲ್ಲಿ ಸಣ್ಣ ಹೂಡಿಕೆದಾರರ ಪಾಲು ಶೇ 10 ಮಾತ್ರವಾದ್ದರಿಂದ ಷೇರು ಸಿಗದೇ ಹೋಗಬಹುದು. ಚಿಂತೆಯಿಲ್ಲ, ಬೀಗ ತೆರೆಯುವ ದಿನಾಂಕ ಬರೆದಿಟ್ಟುಕೊಂಡು ಆಮೇಲೆ ಕೊಳ್ಳಿ.

ಇಷ್ಟು ಹೇಳಿದರೂ ಕೊಳ್ಳುವ ಮನಸ್ಸಿದ್ದರೆ ಇಷ್ಟನ್ನಾದರೂ ಪಾಲಿಸಿ. ಡೀಲರ್ ಕೊಡುವ ದರದ ಜೊತೆ ಅವರೇ ವಾಪಸ್ ಕೊಳ್ಳುವ ದರವನ್ನೂ ಕೇಳಿ, ನಡುವಿನ ಅಂತರವೇ ನಿಮ್ಮ ಮೊದಲ ನಷ್ಟ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಷೇರು ವರ್ಗಾವಣೆಗೆ ಕಂಪನಿಯ ನಿಯಮಾವಳಿಯಲ್ಲಿ ತಡೆ ಇರುತ್ತದೆ, ಒಪ್ಪಿಗೆ ಪತ್ರ ಕೇಳಿ. ನಗದು ಕೊಡಲೇಬೇಡಿ. ಕೈಯಲ್ಲಿ ಅನ್‌ಲಿಸ್ಟೆಡ್ ಷೇರು ಇದ್ದ ವರ್ಷ ಆದಾಯ ತೆರಿಗೆ ಲೆಕ್ಕ ಸಲ್ಲಿಸಲು ಐಟಿಆರ್-1 ಫಾರಂ ನಡೆಯದು, ಐಟಿಆರ್-2 ಅಥವಾ ನಿಮ್ಮ ವ್ಯಾಪಾರಕ್ಕೆ ತಕ್ಕ ಫಾರಂನಲ್ಲಿ ತೋರಿಸಬೇಕು.

ಇನ್ನು ಅಳಿಯನ ಕಂಪನಿ. ನಿಜ ಹೇಳಬೇಕೆಂದರೆ ಇದೇ ಹೆಚ್ಚು ಯೋಚಿಸಬೇಕಾದ ಹೂಡಿಕೆ, ಯಾಕೆಂದರೆ ಇಲ್ಲಿ ನೀವು ಕಡಿಮೆ ಬೆಲೆಗೆ, ಮೊದಲೇ ಹೋಗುತ್ತಿದ್ದೀರಿ. ಲೋಹದ ಕೆಲಸ ಬಲ್ಲವರಾದ್ದರಿಂದ ಸಾಧನದ ಗುಣಮಟ್ಟ ನಿಮಗೇ ಗೊತ್ತಾಗುತ್ತದೆ. ಆದರೆ ಲೆಕ್ಕ ನೋಡಿ. 3 ಕೋಟಿಯ ಕಂಪನಿಗೆ 15 ಲಕ್ಷ ಹಾಕಿದರೆ ನಿಮ್ಮ ಪಾಲು ಶೇ 4.76. ಮುಂದೆ ಕಂಪನಿ ಹಣ ಎತ್ತುವ ಮೂರು ರೌಂಡ್‌ಗಳಲ್ಲಿ ಪ್ರತಿ ಸಲ ಶೇ 20 ಹೊಸಬರಿಗೆ, ಒಮ್ಮೆ ಶೇ 10 ನೌಕರರಿಗೆ ಹೋದರೆ ಉಳಿಯುವುದು ಸುಮಾರು ಶೇ 2.2. ನಿಮ್ಮ ದುಡ್ಡು ಹತ್ತುಪಟ್ಟಾಗಬೇಕಾದರೆ ಕಂಪನಿ 68 ಕೋಟಿಗೆ ಬಾಳಬೇಕು. ಆ ಅಳತೆಯ ಕಂಪನಿಗೆ ಫಸ್ಟ್‌ಕ್ರೈಯಂಥ ಐಪಿಒ ದೂರದ ಮಾತು. ದಾರಿ ಇರುವುದು ಎಸ್‌ಎಂಇ ಬೋರ್ಡ್ (ಷೇರುಪೇಟೆಯಲ್ಲಿ ಸಣ್ಣ ಕಂಪನಿಗಳಿಗಿರುವ ವಿಭಾಗ), ದೊಡ್ಡ ಪಂಪ್ ಕಂಪನಿಗೆ ಮಾರಾಟ, ಅಥವಾ ಮುಂದಿನ ಫಂಡ್‌ಗೆ ನಿಮ್ಮ ಪಾಲು ಕೊಡುವುದು. ಎಸ್‌ಎಂಇ ಬೋರ್ಡ್‌ಗೂ ಈಗ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ 1 ಕೋಟಿ ಕಾರ್ಯಾಚರಣೆ ಲಾಭ ಇರಲೇಬೇಕು.

ಮಾರಾಟವಾದರೆ ಎಲ್ಲರಿಗೂ ಪಾಲಿನಷ್ಟು ಹಣ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೊನೆಯ ರೌಂಡ್‌ನಲ್ಲಿ ಒಂದು ಫಂಡ್ 20 ಕೋಟಿ ಹಾಕಿ ಶೇ 20 ಪಡೆಯಿತು, ಕಂಪನಿಯ ಬೆಲೆ 100 ಕೋಟಿ ಎಂದು ಪೇಪರ್‌ನಲ್ಲಿ ಬಂತು ಎನ್ನಿ. ನಿಮ್ಮ ಶೇ 2.2 ಕಾಗದದ ಮೇಲೆ 2.2 ಕೋಟಿ. ಎರಡು ವರ್ಷದ ನಂತರ ಕಂಪನಿ 30 ಕೋಟಿಗೆ ಮಾರಾಟವಾಯಿತು. ಫಂಡ್‌ನ ಆದ್ಯತಾ ಷೇರಿನ ಕರಾರಿನಂತೆ ಮೊದಲು ಅವರ 20 ಕೋಟಿ ಅವರಿಗೆ. ಉಳಿದ 10 ಕೋಟಿಯನ್ನು ಶೇ 80 ಪಾಲಿನವರು ಹಂಚಿಕೊಂಡರೆ ನಿಮಗೆ 27.5 ಲಕ್ಷ. ಹಿಂದಿನ ರೌಂಡ್‌ನ ಫಂಡ್‌ಗಳಿಗೂ ಅದೇ ಕರಾರಿದ್ದರೆ ಇನ್ನೂ ಕಡಿಮೆ. 20 ಕೋಟಿಗೆ ಮಾರಾಟವಾದರೆ ನಿಮಗೆ ಸೊನ್ನೆ. ಐಪಿಒದಲ್ಲಿ ಮಾತ್ರ ಆದ್ಯತಾ ಷೇರುಗಳೆಲ್ಲ ಅಂತಿಮ ಪ್ರಾಸ್ಪೆಕ್ಟಸ್‌ಗೆ ಮೊದಲೇ ಸಾಮಾನ್ಯ ಈಕ್ವಿಟಿಯಾಗಬೇಕು, ಎಲ್ಲರೂ ಒಂದೇ ಸಾಲಿಗೆ ಬರುತ್ತಾರೆ. ಸಾಮಾನ್ಯ ಷೇರುದಾರನಿಗೆ ಐಪಿಒ ನಿಜವಾಗಿ ಮಾಡುವ ಉಪಕಾರ ಇದು. ಅದಕ್ಕೇ ಅಳಿಯನ ಬಳಿ ನೀವೂ ಕಡ್ಡಾಯವಾಗಿ ಈಕ್ವಿಟಿಯಾಗುವ ಆದ್ಯತಾ ಷೇರನ್ನೇ ಕೇಳಿ. ಜೊತೆಗೆ ಪ್ರವರ್ತಕರು ಮಾರಿದರೆ ಅದೇ ಬೆಲೆಗೆ ನಿಮ್ಮದನ್ನೂ ಮಾರುವ ಹಕ್ಕು, ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡುವ ಹಕ್ಕು ಒಪ್ಪಂದದಲ್ಲಿ ಬರಲಿ.

‘ಸದ್ಯಕ್ಕೆ ಸಾಲ ಅಂತ ಕೊಡು ಮಾಮಾ, ಆಮೇಲೆ ಷೇರು ಮಾಡೋಣ’ ಎಂದರೆ ಒಪ್ಪಬೇಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ರೈವೇಟ್ ಕಂಪನಿ ನಿರ್ದೇಶಕರ ಸಂಬಂಧಿಕರಿಂದ ಸಾಲ ಪಡೆಯಬಹುದು, ನಿಜ. ಆದರೆ ಕಂಪನಿ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು, ಸೊಸೆ, ಮಗಳ ಗಂಡ, ಅಣ್ಣ-ತಮ್ಮ, ಅಕ್ಕ-ತಂಗಿ, ಅವಿಭಕ್ತ ಕುಟುಂಬದವರು ಇದ್ದಾರೆ. ಸೋದರಮಾವ ಇಲ್ಲ. ನೀವು ಕೊಟ್ಟ ಸಾಲ ಕಾನೂನಿನ ಕಣ್ಣಿಗೆ ಅಕ್ರಮ ಠೇವಣಿ. ನಿಮ್ಮಿಂದ ಸಾಲ ಪಡೆದು ಅಕ್ಕನೋ ಅಳಿಯನೋ ಕಂಪನಿಗೆ ಕೊಡುವಂತೆಯೂ ಇಲ್ಲ. ‘ಇದು ಸಾಲ ತಂದ ಹಣವಲ್ಲ’ ಎಂದು ಅವರು ಬರೆದುಕೊಡಬೇಕು. ಮೊದಲು ಸಾಲವಾಗಿದ್ದು ಮುಂದೆ ಷೇರಾಗುವ ಕನ್ವರ್ಟಿಬಲ್ ನೋಟ್ ಕೂಡ ನಿಮಗೆ ನಡೆಯದು. ಅದಕ್ಕೆ ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್ ಆಗಿರಬೇಕು, ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ಬರೀ ಸಹಾಯ ಮಾಡುವುದೇ ಮನಸ್ಸಿನಲ್ಲಿದ್ದರೆ ಅಳಿಯನಿಗೆ ಉಡುಗೊರೆ ಕೊಡಿ. ಆದಾಯ ತೆರಿಗೆ ಕಾಯ್ದೆ ಸೋದರಮಾವನನ್ನು ಸಂಬಂಧಿಕ ಎಂದೇ ನೋಡುತ್ತದೆ, ಅವನಿಗೆ ತೆರಿಗೆ ಬೀಳುವುದಿಲ್ಲ. ಆಗ ಅವನು ಅದನ್ನು ತನ್ನ ಷೇರು ಬಂಡವಾಳವಾಗಿ ಹಾಕಿಕೊಳ್ಳಬಹುದು, ನಿಮಗೆ ಪಾಲು ಇರುವುದಿಲ್ಲ.

ಪಾಲು ಬೇಕೆಂದರೆ 15 ಲಕ್ಷ ಬೇಡ, 6 ಲಕ್ಷ ಸಾಕು, ಅದೂ ಎರಡು ಹಂಚಿಕೆಯಲ್ಲಿ. ಮೊದಲ 3 ಲಕ್ಷ ಈಗ, ಇನ್ನು 3 ಲಕ್ಷ ರೈತರು ದುಡ್ಡು ಕೊಟ್ಟು ಕೊಂಡ ಸಾಧನ 200 ದಾಟಿ ಒಂದು ಬೇಸಿಗೆ ಓಡಿದ ಮೇಲೆ. ವೋಲ್ಟೇಜ್ ಏರಿಳಿತಕ್ಕೆ ಎಷ್ಟು ಬೋರ್ಡ್ ಸುಟ್ಟವು, ಎಷ್ಟು ವಾಪಸ್ ಬಂದವು ಎಂದು ಕೇಳಿ. ಐಪಿಒ ಸುದ್ದಿಗಿಂತ ಆ ಸಂಖ್ಯೆಯೇ ಕಂಪನಿಯ ಬೆಲೆ ಹೇಳುತ್ತದೆ. ಉಳಿದ 24 ಲಕ್ಷ ನಿಮಗೆ ಬೇಕಾದಾಗ ಕೈಗೆ ಸಿಗುವ ಕಡೆ ಇರಲಿ.

ಎಲ್ಲಕ್ಕಿಂತ ಮೊದಲು ಆ 2 ಲಕ್ಷ ಸರಿಪಡಿಸಿಕೊಳ್ಳಿ. ಖಾಸಗಿ ಹಂಚಿಕೆಯಲ್ಲಿ, ಅಂದರೆ ಆಯ್ದ ಕೆಲವರಿಗೇ ಷೇರು ಕೊಡುವಾಗ, ಹಣ ಬಂದ 60 ದಿನದೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್ ಕೊಡಬೇಕು, ತಪ್ಪಿದರೆ 60ನೇ ದಿನದಿಂದ ಶೇ 12 ಬಡ್ಡಿ. ಹಂಚಿಕೆಯಾಗಿ, 15 ದಿನದೊಳಗೆ ಹಂಚಿಕೆಯ ವಿವರದ ಪಿಎಎಸ್-3 ಫಾರಂ ಸಲ್ಲಿಕೆಯಾಗುವವರೆಗೆ ಕಂಪನಿ ಆ ಹಣ ಮುಟ್ಟುವಂತಿಲ್ಲ. ನಿಮ್ಮದು ಹೋದ ತಿಂಗಳೇ ಹೋಗಿದೆ, ದಿನ ಎಣಿಕೆ ಆಗಲೇ ಶುರುವಾಗಿದೆ, ಪ್ರಸ್ತಾವ ಪತ್ರವೂ ಇಲ್ಲದೆ ಹೋದದ್ದರಿಂದ ಕ್ರಮವೇ ತಪ್ಪಿದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ದಿನಾಂಕ ನೋಡಿಕೊಂಡು, ಅದೇ ಖಾತೆಗೆ ವಾಪಸ್ ಹಾಕುವಂತೆ ಅಳಿಯನಿಗೆ ಈ ವಾರವೇ ಹೇಳಿ. ಅವನ ಸಿಎ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಲಿ, ಷೇರುದಾರರ ವಿಶೇಷ ನಿರ್ಣಯ ಆಗಲಿ, ಹಂಚಿಕೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಲಿ. ಆಮೇಲೆ ಕ್ರಮಸಂಖ್ಯೆ ಹಾಕಿ, ನಿಮ್ಮ ಹೆಸರಿಗೇ ಬರೆದ ಪಿಎಎಸ್-4 ಪ್ರಸ್ತಾವ ಪತ್ರ ಕೈಗೆ ಬಂದ ಮೇಲೆ, ನಿಮ್ಮ ಸ್ವಂತ ಖಾತೆಯಿಂದ ಆ 3 ಲಕ್ಷ ಕಳಿಸಿ.